ಹನ್ನೆರಡು ಗುಂಟೆ

ಅಥಣಿಯ ಆ ಕಾಲೇಜಿನಲ್ಲಿ, ೧೯೮೮ರಲ್ಲಿ, ಪಿಯುಸಿ ಎರಡನೇ ವರ್ಷದ ಸೈನ್ಸಿಗೆ ಇದ್ದವರು ಹದಿನಾಲ್ಕೇ ಮಕ್ಕಳು. ಅವರಲ್ಲಿ ಹದಿಮೂರು ಮಂದಿ ಇಂಟಿಗ್ರೇಶನ್ ಎಂದರೆ ದೂರದಿಂದಲೇ ಕೈ ಮುಗಿಯುವವರು.

"ಅಕ್ಕೋರ, ಅದೊಂದ್ ಬಿಟ್ಟಬಿಡ್ತೀವ್ರಿ. ಪಾಸಾಗಾಕ ಮೂವತ್ತೈದು ಬೇಕು, ಉಳದದ್ರಾಗ ಬರ್ತಾವು," ಎಂದ ಹಿಂದಿನ ಬೆಂಚಿನ ಜ್ಞಾನದೇವ.

"ಬಿಡ್ರಪಾ. ಹೋಳಿಗಿ ಊಟಕ್ಕ ಹೋಗಿ ಬರೇ ಕಟ್ಟಿನ ಸಾರು ಉಂಡ್ ಬರ್ರಿ," ಎಂದಳು ನೂರಜಾನಬಿ.

ಮಕ್ಕಳು ನಕ್ಕರು. ನಿಪ್ಪಾಣಿಯಿಂದ ಸೊಸೆಯಾಗಿ ಬಂದು ಗಣಿತ ಕಲಿಸಲು ಹತ್ತಿ ಅವಳಿಗೆ ನಾಲ್ಕು ವರ್ಷವಾಗಿತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳ ಕೈಗೆ ಇಂಗ್ಲಿಷಿನ ದಪ್ಪ ಪುಸ್ತಕ ಬಂದಾಗ ಅವರ ಮುಖ ಹೇಗೆ ಬಾಡುತ್ತದೆಂದು ಅವಳು ಬಲ್ಲಳು. ಅದಕ್ಕೇ ಅಂದು ಪುಸ್ತಕ ಮುಚ್ಚಿಟ್ಟು ಹೇಳಿದಳು: "ರವಿವಾರ ಮನೀಗ್ ಹೋಗಿ, ಅಂಚು ಡೊಂಕ ಇದ್ದದ್ದು ಏನರ ಅಳದು ಬರ್ರಿ. ಅದರ ಕ್ಷೇತ್ರಫಲ ತಗೀರಿ."

ಸೋಮವಾರ ಒಬ್ಬ ರೊಟ್ಟಿ ಹಂಚಿನ ಗೆರೆ ಎಳೆದುಕೊಂಡು ಬಂದ. ಹನ್ನೆರಡು ಮಂದಿ ಏನೂ ತರಲಿಲ್ಲ. ಚನ್ನವ್ವ ಮಾತ್ರ ಹೊಲ ತಂದಿದ್ದಳು.

ಚನ್ನವ್ವ ಸತ್ತಿಯ ಭೀಮಗೊಂಡನ ಮಗಳು. ಊರಲ್ಲಿ ಕಾಲೇಜಿಲ್ಲವೆಂದು ಎರಡು ವರ್ಷದಿಂದ ಅಥಣಿಯ ಕಾಕಾ ರಾವಸಾಹೇಬನ ಮನೆಯಲ್ಲಿದ್ದು ಓದುತ್ತಿದ್ದಳು. ಕೃಷ್ಣೆಯ ದಂಡೆಯ ಹೊಲವನ್ನು ಅಜ್ಜ ಇಬ್ಬರು ಮಕ್ಕಳಿಗೂ ಸಮನಾಗಿ ಹಂಚಿಕೊಟ್ಟಿದ್ದ. ಮೂವತ್ಮೂರು ಅಡಿಯ ಹಗ್ಗ. ಆ ಹಗ್ಗದ ಒಂದು ಚೌಕಕ್ಕೆ ಒಂದು ಗುಂಟೆ. ಅಣ್ಣ ಭೀಮಗೊಂಡನ ಪಾಲಿಗೆ ರಸ್ತೆಯ ಮಗ್ಗುಲು ಹನ್ನೆರಡು ಹಗ್ಗ. ರಸ್ತೆಯಿಂದ ಹೊಳೆಯವರೆಗಿನ ಆಳ ಈ ತುದಿಗೆ ಹತ್ತು, ಆ ತುದಿಗೂ ಹತ್ತು. ಎರಡೂ ತುದಿ ಕೂಡಿಸಿ ಅರ್ಧ ಮಾಡುವುದು ಹಿರಿಯರ ಪದ್ಧತಿ. ಹನ್ನೆರಡ್ಹತ್ಲೆ ನೂರಿಪ್ಪತ್ತು ಗುಂಟೆ, ಮೂರು ಎಕರೆ. ತಮ್ಮನಿಗೂ ಅಷ್ಟೇ.

ಆದರೆ ನಡುವೆ ಹೊಳೆ ಬಿಲ್ಲಿನಂತೆ ಒಳಕ್ಕೆ ಬಾಗಿತ್ತು. ಚನ್ನವ್ವ ತಾಯಿಯ ಕೈಗೆ ಹಗ್ಗದ ಒಂದು ತುದಿ ಕೊಟ್ಟು, ಹಗ್ಗಕ್ಕೊಂದರಂತೆ ಹದಿಮೂರು ಕಡೆ ಆಳ ಅಳೆದಿದ್ದಳು. ಆ ಬಾಗಿಗೆ ಹೊಂದುವ ಸಮೀಕರಣ ಹುಡುಕಿ, ಸೊನ್ನೆಯಿಂದ ಹನ್ನೆರಡರವರೆಗೆ ಇಂಟಿಗ್ರೇಟ್ ಮಾಡಿದ್ದಳು. ನೂರ ಎಂಟು ಗುಂಟೆ. ಪಟ್ಟಿ ಪಟ್ಟಿಯಾಗಿ ಸೀಳಿ ಕೂಡಿಸಿ ತಾಳೆಯನ್ನೂ ನೋಡಿದ್ದಳು. ಅದೂ ನೂರ ಎಂಟರ ಆಸುಪಾಸೇ ಬಂದಿತ್ತು.

ನೂರಜಾನಬಿ ಆ ಪುಟವನ್ನು ಎರಡು ಸಲ ನೋಡಿದಳು. ನಾಲ್ಕು ವರ್ಷದಲ್ಲಿ ಒಬ್ಬರಾದರೂ ಈ ವಿದ್ಯೆಯನ್ನು ಕೈಯಲ್ಲಿ ಹಿಡಿದು ತೋರಿಸಿದ್ದು ಇದೇ ಮೊದಲು. ಕೆಂಪು ಶಾಯಿಯಲ್ಲಿ 'ಸರಿ, ಭೇಷ್' ಎಂದು ಬರೆದು, ಕೆಳಗೆ ಸಹಿ ಹಾಕಿ ತಾರೀಖು ನಮೂದಿಸಿದಳು.

ಆ ಪುಟವಿದ್ದ ವಹಿ ಮುಂದಿನ ವಾರ ಸತ್ತಿಯ ಚಾವಡಿ ಹತ್ತಿತು. ಭೀಮಗೊಂಡ ಅದನ್ನು ಹಿರಿಯರ ಮುಂದೆ ಬಿಚ್ಚಿಟ್ಟು, "ನನಗ ಹನ್ನೆರಡು ಗುಂಟೆ ಕಡಿಮಿ ಬಂದೈತಿ. ಹೊಳಿ ನಮ್ಮಲ್ಲಿ ನುಂಗಿದ್ದು ತಮ್ಮನ ಪಾಲಿನ್ಯಾಗ ಉಗುಳೈತಿ. ಸರಕಾರಿ ಪಗಾರ ತಿನ್ನೂ ಮೇಡಮ್ಮರ ಸಹಿ ಐತಿ, ನೋಡ್ರಿ," ಎಂದಿದ್ದ. ಅವನ ಕಣ್ಣಿಗೆ ಕೆಂಪು ಸಹಿ ಎಂದರೆ ಹೊಲ ಅಳೆಯುವ ಮೋಜಣಿಯವರ ಸಹಿಯೇ.

ಮೂರನೇ ದಿನ ರಾವಸಾಹೇಬ ಕಾಲೇಜಿಗೇ ಬಂದ. ಸಿಟ್ಟಿನ ಮನುಷ್ಯನಲ್ಲ, ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ನೀವು ಲೆಕ್ಕಾ ಕಲಸ್ರಿ, ಬ್ಯಾಡ ಅನ್ನಂಗಿಲ್ಲ. ನಮ್ಮ ಹೊಲಾ ಯಾಕ ಅಳೀತೀರಿ?"

"ಅದು ಅಭ್ಯಾಸಕ್ಕಂತ ಮಾಡಿದ್ದ್ರಿ, ಸಾಹೇಬ್ರ."

"ನಿಮ್ಮ ಅಭ್ಯಾಸಕ್ಕ ನಾ ಕಳ್ಳ ಆದೆ. ಹುಡುಗೀನ ಅವರಪ್ಪ ಕರಕೊಂಡ ಹೋದ. ಪಾಪ, ಅದಕ್ಕೇನ್ ಗೊತ್ತೈತಿ? ತಪ್ಪೈತಿ ಅಂತ ಬರದ ಸಹಿ ಮಾಡ್ರಿ, ನಾಳೇನ ಬಂದ್ ನಮ್ಮನ್ಯಾಗ ಇರ್ಲಿ."

ಪರೀಕ್ಷೆಗೆ ಉಳಿದದ್ದು ಮೂರು ವಾರ. ನೂರಜಾನಬಿ ಹತ್ತು ತಿಂಗಳ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಮಧ್ಯಾಹ್ನದ ಬಸ್ಸಿಗೆ ಸತ್ತಿಗೆ ಹೋದಳು. ಸುಳ್ಳು ಬರೆಯಬೇಕೆಂದು ಹೊರಟವಳಲ್ಲ. ಬೇರೆ ದಾರಿ ಸಿಕ್ಕೀತೆಂದು ಹೊರಟಿದ್ದಳು.

ಭೀಮಗೊಂಡ ಕಂಬಳಿ ಹಾಸಿ ಕೂರಿಸಿದ. ಚನ್ನವ್ವ ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ಅವಳ ಕೈಯೆಲ್ಲ ಹಿಟ್ಟಾಗಿತ್ತು.

"ಪರೀಕ್ಷಾ ಮುಗಿಯೂತನಕ ನನ್ನ ಮನ್ಯಾಗ ಇರ್ಲಿ ಬಿಡ್ರಿ," ಎಂದಳು ನೂರಜಾನಬಿ. "ಬ್ಯಾರೆ ಖೋಲಿ ಐತಿ. ಒಲಿ ಬ್ಯಾರೆ ಹೂಡಿಕೊಡ್ತೀನಿ. ತನ್ನ ಅಡಗಿ ತಾನ ಮಾಡ್ಕೊಳ್ಳಲಿ."

ಭೀಮಗೊಂಡ ನೆಲ ನೋಡಿದ. "ನೀವು ಭಾಳ ದೊಡ್ಡ ಮನಸಿನವ್ರ್ರಿ, ಅಕ್ಕೋರ. ಆದ್ರ ಊರ ಮಂದಿ ಬಾಯಿ... ನಿಮಗ ಗೊತ್ತೈತಲ್ಲ."

ಅವಳಿಗೆ ಗೊತ್ತಿತ್ತು. ದಿನಾಲೂ ಬಸ್ಸಿಗೆ ಕಳಿಸಿರೆಂದು ಕೇಳಿದಳು. ಹರೆಯದ ಹುಡುಗಿಯನ್ನು ಒಂಟಿಯಾಗಿ ಹೇಗೆ ಕಳಿಸಲಿ ಎಂದ. ಆಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಗೂಡಿನಲ್ಲಿದ್ದ ವಹಿಯನ್ನು ತರಿಸಿ, ಪೆನ್ನು ತೆಗೆದು, ತಾನೇ ಬರೆದ 'ಸರಿ'ಯ ಮೇಲೆ ಅಡ್ಡಗೆರೆ ಎಳೆದಳು.

"ನೋಡೂದ್ರಾಗ ನಂದ ಚೂಕ ಆಗೈತ್ರಿ. ಲೆಕ್ಕ ತಪ್ಪೈತಿ. ಇದನ್ನ ತಮ್ಮಗ ತೋರಸ್ರಿ, ಹುಡುಗೀನ ಕಳಸ್ರಿ."

ಚನ್ನವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕುಳಿತು, ಮೇಲಿನ ಸಾಲಿನಿಂದ ಒಂದೊಂದೇ ಸಾಲಿಗೆ ಬೆರಳಿಟ್ಟು ಓದುತ್ತ ಕೆಳಗಿಳಿದಳು. ಕೊನೆ ಮುಟ್ಟಿ ಮತ್ತೆ ಮೇಲಿನಿಂದ ಹಿಡಿದಳು.

"ನನಗ ಸಿಗವಲ್ದ್ರಿ, ಅಕ್ಕೋರ. ಎಲ್ಲಿ ತಪ್ಪೀನಿ, ತೋರಸ್ರಿ."

ನೂರಜಾನಬಿ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ. ಈ ಬಾಗು ಹೊಳೀದು ಅಲ್ಲವ್ವಾ. ಬ್ಯಾರೆ," ಎಂದಳು.

"ಹದಿಮೂರ ಕಡೆನೂ ಕೂಡಿತ್ತಲ್ರಿ?"

"ಕೂಡಿದಂಗ ಕಾಣತೈತಿ."

ಹುಡುಗಿ ತಲೆಯಾಡಿಸಿದಳು. ಗುರುಗಳು ಹೇಳಿದ್ದನ್ನು ನಂಬಿಯೇ ಕಲಿತವಳು, ಇದನ್ನೂ ನಂಬಿದಳು.

ಭೀಮಗೊಂಡ ವಹಿ ಮುಚ್ಚಿದ. "ಮೂರು ದಿನ ಚಾವಡ್ಯಾಗ ಇದನ್ನ ಹಿಡಕೊಂಡ ಕುಂತೇನ್ರಿ. ಹಿರ್ಯಾರು ನಕ್ರು. ನನ್ನ ಮಗಳು ಕಾಲೇಜ ಕಲತಾಳ, ನಿಮಗೇನ್ ತಿಳೀತೈತಿ ಅಂದೆ. ಈಗ ಹೋಗಿ ಏನ್ ಹೇಳ್ಲಿ?" ಅವನ ದನಿಯಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಿತ್ತು. "ತಮ್ಮನ ಜೋಡಿ ಮಾತ ಮುರೀತು, ಊರಾಗ ಮಾರಿ ಹೋತು. ಕಲಸಾವ್ರಿಗೇ ಸರಿ-ತಪ್ಪು ತಿಳೀದಂಥಾ ವಿದ್ಯಾ ನಮಗ ಬ್ಯಾಡ್ರಿ, ಅಕ್ಕೋರ. ಪಾಲಬಾವಿ ಕಡಿಂದ ಒಂದ್ ಮನೆತನದವ್ರು ಹೆಣ್ಣ ಕೇಳಾಕತ್ತಾರ. ಇನ್ನ ತಡಾ ಮಾಡಂಗಿಲ್ಲ."

ನೂರಜಾನಬಿ ಬೇಡಿಕೊಂಡಳು. ಪರೀಕ್ಷೆಯೊಂದು ಮುಗಿಯಲಿ ಎಂದಳು, ಈ ಹುಡುಗಿಯಂಥವಳು ಕಾಲೇಜಿನಲ್ಲಿ ಇನ್ನೊಬ್ಬಳಿಲ್ಲ ಎಂದಳು. ಲೆಕ್ಕ ತಪ್ಪೆಂದು ಈಗತಾನೆ ಹೇಳಿದ ಬಾಯಲ್ಲಿ ಆ ಮಾತಿಗೆ ಬೆಲೆ ಬರಲಿಲ್ಲ. ಚನ್ನವ್ವ ಅಷ್ಟರಲ್ಲಿ ಎದ್ದು ಒಳಗೆ ಹೋಗಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿತು.

ಬಸ್ಸಿನ ತನಕ ಚನ್ನವ್ವನ ತಾಯಿ ಲಕ್ಕವ್ವ ಜೊತೆಗೆ ಬಂದಳು. ಉಡಿಯಲ್ಲಿ ನಾಲ್ಕು ಬದನೆಕಾಯಿ ಕಟ್ಟಿಕೊಂಡಿದ್ದಳು, ಅವನ್ನು ಅಕ್ಕೋರ ಚೀಲಕ್ಕೆ ಸುರುವಿದಳು. ನಡೆಯುತ್ತ ನಡೆಯುತ್ತ ಕೇಳಿದಳು:

"ಹಂಗಾರ ನನ್ನ ಮಗಳು ದಡ್ಡಿ ಏನ್ರಿ? ಬಿಸಲಾಗ ಹಗ್ಗಾ ಹಿಡಕೊಂಡ ಭಾಳ ಹೊತ್ತ ನಿಂತಿದ್ಲು. ನನಗೂ ನಿಂದರ್ಸಿದ್ಲು."

ನೂರಜಾನಬಿಗೆ ತಡೆಯಲಾಗಲಿಲ್ಲ. "ಇಲ್ಲವ್ವಾ. ಲೆಕ್ಕ ಸರಿ ಐತಿ. ಒಂದಕ್ಷರ ತಪ್ಪಿಲ್ಲ. ಆಕೀನ ಕಾಲೇಜಿಗೆ ಕಳಸ್ತಾರಂತ ನಾನ ಸುಳ್ಳ ಹೇಳೀನಿ."

ಲಕ್ಕವ್ವ ನಿಂತಳು.

"ನಾ ತಿರಗಿ ಹೋಗಿ ಆಕೀಗರ ಹೇಳಿ ಬರ್ತೀನಿ," ಎಂದು ನೂರಜಾನಬಿ ತಿರುಗಿದಳು.

"ಬ್ಯಾಡ್ರಿ." ಲಕ್ಕವ್ವ ಅವಳ ರಟ್ಟೆ ಹಿಡಿದಳು. "ತಪ್ಪಂದ್ರ ನಾಲ್ಕ ದಿನಕ್ಕ ಮರೀತಾಳ. ಸರಿ ಇತ್ತಂತ ಗೊತ್ತಾದ್ರ, ಗಂಡನ ಮನೀಗ್ ಹೋಗಿ ಹೆಂಗ ಬಾಳೆ ಮಾಡ್ಯಾಳ್ರಿ? ಹಿಂಗ ಇರ್ಲಿ ಬಿಡ್ರಿ."

ಅಥಣಿಯ ಬಸ್ಸು ಬಂತು. ಅದೇ ಆ ದಿನದ ಕೊನೆಯದು. ಕಂಡಕ್ಟರ್ ಸೀಟಿ ಊದಿ, "ಏರ್ರಿ ಬಾಯಾರ, ಲಗೂನ," ಎಂದ. ನೂರಜಾನಬಿ ಬಾಗಿಲ ಕಂಬಿ ಹಿಡಿದು ಒಮ್ಮೆ ಆ ಮನೆಯ ಕಡೆ ನೋಡಿದಳು. ಹೊಗೆ ಏಳುತ್ತಿತ್ತು. ಲಕ್ಕವ್ವ ಇನ್ನೂ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ನಿಂತಿದ್ದಳು.

ಅವಳು ಬಸ್ಸು ಹತ್ತಿದಳು.