ಪಂಪಣ್ಣ ಬಿಟ್ಟ ಸ್ಟೇರಿಂಗ್ ಕೆಲಸ

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಪಂಪಣ್ಣನ ಗ್ಯಾರೇಜು. ಮುಂದೆ ತಗಡಿನ ಚಪ್ಪರ, ಹಿಂದೆ ಎರಡು ಕೋಣೆಯ ಮನೆ. ಎಂಜಿನ್ನು, ಬ್ರೇಕು, ಕ್ಲಚ್ಚು ಏನು ತಂದರೂ ಒಲ್ಲೆ ಅನ್ನದ ಪಂಪಣ್ಣ, ಸ್ಟೇರಿಂಗಿನ ಕೆಲಸ ಬಂದರೆ ಮಾತ್ರ ಕೈ ಒರೆಸಿಕೊಳ್ಳುತ್ತ ಸಿಂಧನೂರಿಗೆ ಹೋಗಿರೆಂದು ಕಳಿಸಿಬಿಡುತ್ತಿದ್ದ. ಮೊದಲು ಹಾಗಿರಲಿಲ್ಲ. ಲಿಂಗಸುಗೂರಿನ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದೇ ಆ ಕೆಲಸಕ್ಕೆ.

ಸ್ಟೇರಿಂಗಿನ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಮೆಲ್ಲಗೆ ಅತ್ತಿತ್ತ ತಿರುವಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಡಿಲು ಎಲ್ಲಿದೆಯೆಂದು ಕೈಯಿಟ್ಟು ನೋಡಬೇಕು. ಸೀಟಿನಲ್ಲಿ ಕೂರುತ್ತಿದ್ದವಳು ಅವನ ಹೆಂಡತಿ ಪಕೀರಮ್ಮ. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆದರೆ ಎಷ್ಟೋ ವರ್ಷ ತಿರುವಿ ತಿರುವಿ ಅವಳ ಕೈಗೆ ಎಲ್ಲ ಗೊತ್ತಾಗಿತ್ತು. ಕೈಯಾಗ ಖಾಲಿ ಅನಸ್ತೈತಿ ಅಂದಳೆಂದರೆ ಒಳಗೆ ಏನೋ ಸವೆದಿದೆಯೆಂದೇ ಅರ್ಥ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತವಳು ಮನೆಯ ಮಾತನ್ನೆಲ್ಲ ಅಲ್ಲೇ ತೆಗೆಯುತ್ತಿದ್ದಳು. ಅವಳು ಮೇಲೆ, ಅವನು ಕೆಳಗೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಆದರೂ ಅವರಿಬ್ಬರೂ ಮನಸ್ಸು ಬಿಚ್ಚಿ ಆಡಿದ ಮಾತೆಲ್ಲ ಹಾಗೆ ಆಡಿದ್ದೇ. ಮಗಳು ನಂದಿನಿಯನ್ನು ಹಟ್ಟಿಗೆ ಕೊಡುವುದೆಂದು ತೀರ್ಮಾನವಾದದ್ದೂ ಯಾರದೋ ಜೀಪಿನ ಕೆಳಗೆ.

ನಂದಿನಿಗೆ ಲಿಂಗಸುಗೂರಿನಲ್ಲಿ ನೌಕರಿ, ಅಳಿಯ ನಿಂಗರಾಜನಿಗೆ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ. ಕೂಸು ಹುಟ್ಟಿದಾಗ ಪಕೀರಮ್ಮ ಬಾಣಂತನಕ್ಕೆಂದು ಹೋದಳು. ಬಾಣಂತನ ಮುಗಿಯಿತು, ಮಗಳ ರಜೆ ಮುಗಿಯಿತು, ಕೂಸು ಅಂಬೆಗಾಲಿಟ್ಟು ಎದ್ದು ನಡೆದಾಡಿತು. ಪಕೀರಮ್ಮ ಅಲ್ಲೇ ಉಳಿದಳು. ಜಗಳವೇನೂ ಇರಲಿಲ್ಲ. ದಿನಾ ಫೋನು ಮಾಡಿ ಉಂಡ್ರೇನು ಎಂದು ಕೇಳುತ್ತಿದ್ದಳು. ಹಬ್ಬಕ್ಕೆ ಬಂದರೆ ಮರುದಿನದ ಬಸ್ಸಿಗೇ ಹೊರಡುತ್ತಿದ್ದಳು. ಪಂಪಣ್ಣ ಹಟ್ಟಿಗೆ ಹೋದರೆ ಕಂಪನಿ ಕ್ವಾರ್ಟರ್ಸಿನ ಕುರ್ಚಿಯಲ್ಲಿ ಬೀಗರ ಹಾಗೆ ಕೂತು, ಚಹಾ ಕುಡಿದು ಎದ್ದುಬರುತ್ತಿದ್ದ.

ಮೊದಮೊದಲು ಗಿರಾಕಿಗಳನ್ನೇ ಸೀಟಿನಲ್ಲಿ ಕೂರಿಸಿ ನೋಡಿದ. ಅವರು ಫೋನಿನಲ್ಲಿ ಮಾತಾಡುತ್ತ ಸಿಕ್ಕಾಪಟ್ಟೆ ಜಗ್ಗುತ್ತಿದ್ದರು. ಒಮ್ಮೆ ಅವನ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ಆ ಕೆಲಸ ಬಿಟ್ಟೆನೆಂದು ಹೇಳಲು ಆ ಬೆರಳು ನೆವವಾಯಿತು. ನಿಜದಲ್ಲಿ ಅವನಿಗೆ ತಡೆಯಲಾಗದೆ ಹೋದದ್ದು, ಕೆಳಗೆ ಮಲಗಿದಾಗ ಮೇಲಿನಿಂದ ಒಂದು ಮಾತೂ ಬೀಳದಿರುವುದು.

ಶ್ರಾವಣ ಕಳೆದ ಮೇಲೆ ಒಂದು ಮುಂಜಾನೆ ಅನುಪಮಾ ಎಂಬ ಟೀಚರು ಬಂದಳು. ಮಸ್ಕಿಯಲ್ಲಿ ಒಬ್ಬಳೇ ಮನೆ ಮಾಡಿಕೊಂಡು ಪಾಮನಕಲ್ಲೂರಿನ ಶಾಲೆಗೆ ಹೋಗಿ ಬರುವವಳು. ಹಳೆಯದೊಂದು ಸಣ್ಣ ಕಾರು ಕೊಂಡಿದ್ದಳು. ತಗ್ಗಿನಲ್ಲಿ ಇಳಿದಾಗಲೆಲ್ಲ ಅದು ಕಟಕಟ ಅನ್ನುತ್ತಿತ್ತಂತೆ. ಪಂಪಣ್ಣ ಎಂದಿನಂತೆ ಸಿಂಧನೂರಿನ ದಾರಿ ತೋರಿಸಿದ.

"ನಿನ್ನೆ ತಿರುವಿನ್ಯಾಗ ಸ್ಟೇರಿಂಗ್ ತಿರುವೀನ್ರಿ, ಗಾಡಿ ತಡಮಾಡಿ ತಿರುಗ್ತು. ಎದುರಿಗೆ ಭತ್ತದ ಲಾರಿ ಇತ್ತು," ಎಂದಳು ಅನುಪಮಾ. "ಇದರಾಗ ಸಿಂಧನೂರ ಮಟ ಹೋಗಾಕ ನನಗ ಧೈರ್ಯ ಇಲ್ಲ."

ಅವಳನ್ನು ಆ ಗಾಡಿಯಲ್ಲಿ ಕಳಿಸಲು ಪಂಪಣ್ಣನಿಗೂ ಮನಸ್ಸಾಗಲಿಲ್ಲ. ಅವಳನ್ನೇ ಸೀಟಿನಲ್ಲಿ ಕೂರಿಸಿ, ಹೇಗೆ ತಿರುವಬೇಕೆಂದು ತೋರಿಸಿ ಕೆಳಗೆ ಹೊಕ್ಕ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಅವಳು ನಿಧಾನವಾಗಿ ತಿರುವಿದಳು. ಸ್ಟೇರಿಂಗಿನ ತಿರುವನ್ನು ಗಾಲಿಗಳಿಗೆ ಮುಟ್ಟಿಸುವ ರ‍್ಯಾಕಿನ ತುದಿಯ ರಬ್ಬರಿನ ಚೀಲ ಹರಿದು ಜೋತುಬಿದ್ದಿತ್ತು. ಅದರೊಳಗೆ ಮಣ್ಣು ನೀರು ಹೊಕ್ಕು ಗ್ರೀಸು ಕೆಸರಾಗಿತ್ತು. ಒಳಗಿನ ಹಲ್ಲುಗಳ ಸವಕಲು ಅವನ ಅಂಗೈಗೆ ಕಟ್ ಕಟ್ ಎಂದು ತಾಗಿತು.

"ಸಾಕು ಪಕೀರಿ," ಎಂದ ಪಂಪಣ್ಣ.

ಸ್ಟೇರಿಂಗು ನಿಂತಿತು. ಬಾಯಿಂದ ಬಿದ್ದದ್ದು ಆಮೇಲೆ ಅವನ ಕಿವಿಗೆ ಬಿತ್ತು. ತಕ್ಷಣ ಹೊರಗೆ ಬರಲಾರದೆ ಹರಿದ ರಬ್ಬರನ್ನು ನೋಡುತ್ತ ಹಾಗೇ ಮಲಗಿದ್ದ. ಅವನು ಎದ್ದು ಬಂದಾಗ ಟೀಚರು, ರಿಪೇರಿ ಆಗುತ್ತದೋ ಹೊಸದೇ ಬೇಕೋ ಎಂದಷ್ಟೇ ವಿಚಾರಿಸಿದಳು. ಹೊಸದೇ ಬೇಕೆಂದ. ಈ ರಬ್ಬರು ಹರಿದಾಗಲೇ ಬದಲಿಸಿದ್ದರೆ ಹಲ್ಲು ಉಳಿಯುತ್ತಿದ್ದವು, ಇನ್ನು ಮೇಲೆ ಎಣ್ಣೆ ಬದಲಿಸುವಾಗಲೆಲ್ಲ ಇದನ್ನು ನೋಡಿಸಿರೆಂದು ಹೇಳಿದ.

ರಾಯಚೂರಿನಿಂದ ಬಸ್ಸಿನಲ್ಲಿ ರ‍್ಯಾಕು ಬಂದ ದಿನ ಅವನೊಬ್ಬನೇ ಕೆಲಸಕ್ಕೆ ಕೂತ. ಸ್ಟೇರಿಂಗನ್ನು ನೆಟ್ಟಗೆ ಮಾಡಿ ಅಲುಗದಂತೆ ಸೀಟಿನ ಬೆಲ್ಟಿನಿಂದ ಬಿಗಿದ. ಮುಂದಿನ ಗಾಲಿ ಬಿಚ್ಚಿ, ಹಳೆಯ ರ‍್ಯಾಕನ್ನು ಇಳಿಸಿ, ಹೊಸದನ್ನು ಕೂರಿಸಿ ಬೋಲ್ಟು ಬಿಗಿದ. ಕೈ ಯಾವುದನ್ನೂ ಮರೆತಿರಲಿಲ್ಲ. ಕೆಲಸ ಮುಗಿದಾಗ ಚಪ್ಪರದಡಿ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಗಾಲಿಯ ಅಲೈನ್‌ಮೆಂಟ್ ಮಾಡಿಸಲು ಲಿಂಗಸುಗೂರಿಗೆ ಒಯ್ದ. ಅದು ಮುಗಿದ ಮೇಲೆ ಮಸ್ಕಿಯ ಕಡೆ ತಿರುಗಬೇಕಾದವನು ರಸ್ತೆಯ ಬದಿಗೆ ನಿಲ್ಲಿಸಿ ಟೀಚರಿಗೆ ಫೋನು ಮಾಡಿದ. ಹಟ್ಟಿಯವರೆಗೆ ಓಡಿಸಿ ನೋಡಲೇ ಎಂದು ಕೇಳಿದ. ಶಾಲೆ ಬಿಡುವ ಹೊತ್ತಿಗೆ ಬಂದರಾಯಿತು ಎಂದಳು ಅವಳು.

ಪಕೀರಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ಮೊಮ್ಮಗನಿಗೆ ಅನ್ನ ತಿನ್ನಿಸುತ್ತಿದ್ದಳು. ಗಂಡನನ್ನು ಕಂಡು ಗಾಬರಿಯಾಗಿ ಎದ್ದಳು. ಏನೂ ಆಗಿಲ್ಲ, ಹೊಸ ರ‍್ಯಾಕು ಹಾಕಿದ್ದೇನೆ, ಒಮ್ಮೆ ಕೂತು ನೋಡು ಎಂದ. ಅವಳು ಕೈ ತೊಳೆದು, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗು ಹಿಡಿದಳು. ಪಂಪಣ್ಣ ಎಂಜಿನ್ನು ಚಾಲೂ ಮಾಡಿಕೊಟ್ಟು ಬಾಗಿಲ ಬಳಿ ನಿಂತ. ಅವಳು ಎಡಕ್ಕೆ ತಿರುವಿದಳು, ಬಲಕ್ಕೆ ತಿರುವಿದಳು, ಮತ್ತೆ ನಡುವೆ ತಂದು ನಿಲ್ಲಿಸಿದಳು. ಕೂಸು ಹಾರ್ನ್ ಒತ್ತಿ ನಕ್ಕಿತು.

"ಚಲೋ ಕುಂತೈತಿ," ಎಂದಳು. ಆಮೇಲೆ, "ನೋಡುವಾಗ ಮ್ಯಾಲೆ ಯಾರು ಕುಂತಿದ್ರು?"

"ಟೀಚರು."

ಅವಳು ಕೂಸಿನ ಬಾಯಿ ಒರೆಸಿದಳು. "ಯಾರನ್ನರ ಕೆಲಸಕ್ಕ ಇಟ್ಗೋರಿ. ಒಬ್ಬರೇ ಎಷ್ಟಂತ ಮಾಡ್ತೀರಿ. ಇವ ನನ್ನ ಬಿಟ್ಟು ಇರಂಗಿಲ್ಲ. ನನಗೂ ಇವನ್ನ ಬಿಟ್ಟು ಬರಾಕ ಆಗಂಗಿಲ್ಲ."

ಅವನು ಹೂಂ ಎಂದ. ಉಂಡು ಹೋಗಿರೆಂದಳು. ಉಂಡ. ಜೋಳದ ರೊಟ್ಟಿ, ಪುಂಡಿಪಲ್ಲೆ, ಅದೇ ಕೈಯ ರುಚಿ. ಹೊರಡುವಾಗ ಅವಳು ಕೂಸಿನ ಕೈ ಹಿಡಿದು ಟಾಟಾ ಮಾಡಿಸಿದಳು.

ವಾಪಸು ಬರುವಾಗ ಅವನು ರೇಡಿಯೋ ಹಚ್ಚಲಿಲ್ಲ. ಎರಡೂ ಕಡೆ ತೊಗರಿಯ ಹೊಲ, ನಡುವೆ ಕಾರು ನೂಲು ಹಿಡಿದಂತೆ ಓಡುತ್ತಿತ್ತು. ಕೆಲಸ ಇಷ್ಟು ಅಚ್ಚುಕಟ್ಟಾಗಿ ಬಂದಾಗ ಮೊದಲೆಲ್ಲ ಅವನಿಗೆ ಖುಷಿಯಾಗುತ್ತಿತ್ತು. ಇವತ್ತು ಏನೂ ಅನ್ನಿಸಲಿಲ್ಲ.

ಶಾಲೆ ಬಿಟ್ಟ ಮೇಲೆ ಅನುಪಮಾ ಬಂದು, ಒಂದು ಸುತ್ತು ಓಡಿಸಿ ನೋಡಿ, ಶಬ್ದ ಪೂರಾ ಹೋಗಿದೆಯೆಂದು ನಗುತ್ತ ಕಾರು ಒಯ್ದಳು. ಪಂಪಣ್ಣ ಕೈ ತೊಳೆದು ಪಕ್ಕದ ಪಂಕ್ಚರ್ ಅಂಗಡಿಗೆ ಹೋದ. ಅಂಗಡಿಯ ಶರಣಬಸವ ಟ್ಯೂಬಿಗೆ ಗಾಳಿ ತುಂಬುತ್ತಿದ್ದ. ಕೆಲಸಕ್ಕೆ ಬರುವವರು ಯಾರಾದರೂ ಗೊತ್ತಿದ್ದಾರೆಯೇ ಎಂದು ಪಂಪಣ್ಣ ಕೇಳಿದ.

"ಯಾಕ, ಪಕೀರಮ್ಮಕ್ಕ ಬರಂಗಿಲ್ಲೇನು?"

ಈ ಮಾತು ಕೇಳಿದವರಿಗೆಲ್ಲ ಈವರೆಗೆ ಅವನು ಮುಂದಿನ ತಿಂಗಳು ಎನ್ನುತ್ತ ಬಂದಿದ್ದ.

"ಇಲ್ಲ," ಎಂದ ಪಂಪಣ್ಣ. "ಬರಂಗಿಲ್ಲ."

ಶರಣಬಸವ ಗಾಳಿ ತುಂಬುವುದನ್ನು ನಿಲ್ಲಿಸಿ ಸ್ಟೂಲು ಸರಿಸಿ ಕೊಟ್ಟ. ಪಂಪಣ್ಣ ಕೂರಲಿಲ್ಲ. ಯಾರಾದರೂ ಸಿಕ್ಕರೆ ಹೇಳು ಎಂದು ಮತ್ತೊಮ್ಮೆ ಹೇಳಿ, ಕತ್ತಲಾಗುವ ಮೊದಲು ಚಪ್ಪರದಡಿಯ ಸಾಮಾನು ಒಳಗಿಡಲು ನಡೆದ.