ಉಪ್ಪು ಬಿದ್ದ ಗಂಜಿ

ಆಡು ನಮ್ಮದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಈ ಸಂಗತಿಯನ್ನು ಯಾರು ಹೇಳಹೊರಟರೂ ನಮ್ಮ ಆಡಿನಿಂದಲೇ ಶುರು ಮಾಡುತ್ತಾರೆ, ಕಡೆಗೆ ತಪ್ಪನ್ನೆಲ್ಲ ತಂದು ನನ್ನ ಕೊರಳಿಗೆ ಕಟ್ಟುತ್ತಾರೆ. ನಾನು ಯಮನಪ್ಪ, ನೇಕಾರ. ನಮ್ಮ ಬಾಗಿಲಿಗೆ ಎದುರು ಬಾಗಿಲು ಜಹಾಂಗೀರನದು. ಅವನೂ ನೇಕಾರನೇ, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವನು, ಕೆಲಸದಲ್ಲಿ ನನಗಿಂತ ಚುರುಕು. ಮನೆಯಲ್ಲಿ ಅವನ ತಾಯಿ ಹಜರತಬಿ, ಹೆಂಡತಿ ಕಾಸಿಂಬಿ, ಎರಡು ಸಣ್ಣ ಮಕ್ಕಳು.

ಕಾಸಿಂಬಿ ಕಲಾದಗಿ ಕಡೆಯ ಒಕ್ಕಲುತನದ ಮನೆಯ ಹುಡುಗಿ. ಅಂಗಡಿಗೆ ಹೋಗಿ ಕೊಳ್ಳುವುದೆಂದರೆ ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಓಣಿಯೆಲ್ಲ ಹೊಸದಾಗಿ ಬಂದ ಘಾಸಲೇಟ್ ಎಂಬ ಸೀಮೆಎಣ್ಣೆಗೆ ಮರುಳಾಗಿದ್ದ ಕಾಲದಲ್ಲಿ ಅವಳು ಔಡಲ ಕಾಳು ಹುರಿದು, ಕುಟ್ಟಿ, ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆದು ದೀಪ ಹಚ್ಚುತ್ತಿದ್ದಳು. ಆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದರೆ ಮಕ್ಕಳ ಕಣ್ಣಿಗೆ ಕಾಡಿಗೆಯೂ ಆಯಿತು. ಸಾಬೂನು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅಂಟವಾಳಕಾಯಿ ನೆನೆಹಾಕಿದ ಗಡಿಗೆ ಮಾತ್ರ ಯಾವಾಗಲೂ ಬಚ್ಚಲ ಮೂಲೆಯಲ್ಲಿ ನೊರೆಯಾಡುತ್ತಿತ್ತು. ಹಲ್ಲು ತಿಕ್ಕಲು ಜಾಲಿ ಇದ್ದಿಲಿನ ಪುಡಿ.

"ನಾಳೆ ಈಕಿ ಉಸರನ್ನೂ ಮನ್ಯಾಗ ಮಾಡ್ತಾಳ ನೋಡು" ಎಂದು ನಾನು ನನ್ನ ಹೆಂಡತಿ ಬೋರವ್ವನ ಮುಂದೆ ನಕ್ಕಿದ್ದೆ. ಬೋರವ್ವ ನಗಲಿಲ್ಲ. ಮರುವಾರ ನಮ್ಮ ಬಚ್ಚಲ ಮೂಲೆಯಲ್ಲೂ ಅಂಟವಾಳಕಾಯಿಯ ಗಡಿಗೆ ಬಂದು ಕೂತಿತು.

ಆದರೆ ಕಾಸಿಂಬಿ ಜುಗ್ಗಿಯಲ್ಲ. ಅವಳ ಈ ಹಟಕ್ಕೆ ಕಾರಣ ಗಂಡನ ಬೇಸಿಗೆಯ ಗಳಿಕೆ. ಬೇಸಿಗೆ ಬಂತೆಂದರೆ ನಮ್ಮ ಮಗ್ಗಗಳು ಅರ್ಧ ದಿನ ನಿಲ್ಲುತ್ತವೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಎನ್ನುತ್ತೇವೆ. ಹೊತ್ತು ಏರಿ ಒಣಗಾಳಿ ಬೀಸತೊಡಗಿದರೆ ಹಾಸಿನ ಎಳೆಗಳು ಪಟಪಟನೆ ಹರಿಯುತ್ತವೆ, ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಗುತ್ತದೆ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ನೀರು ಚಿಮುಕಿಸಿದರೂ ಅರ್ಧ ತಾಸಿಗೆ ಆರಿಹೋಗುತ್ತದೆ. ಬೆಳಿಗ್ಗೆ ಒಂದಿಷ್ಟು ನೇಯ್ದು, ಆಮೇಲೆ ಗೋಡೆಗೆ ಆತು ಕೂರುವುದೇ ನಮ್ಮ ಪಾಡು. ಅರ್ಧ ದಿನದ ಕೆಲಸ, ಅರ್ಧ ದಿನದ ಕೂಲಿ, ಹಸಿವು ಮಾತ್ರ ಪೂರ್ತಿ.

ಆ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ಜಹಾಂಗೀರನ ಚಿಕ್ಕಪ್ಪನ ಮಗ ನಬಿಸಾಬ ಸೊಲ್ಲಾಪುರದಿಂದ ಊರಿಗೆ ಬಂದ. ಅಲ್ಲಿಯ ಬಟ್ಟೆ ಗಿರಣಿಯಲ್ಲಿ ಅವನಿಗೆ ಕೆಲಸ. ಕಾಲಲ್ಲಿ ಹೊಳೆಯುವ ಬೂಟು, ಬಾಯಲ್ಲಿ ಗಿರಣಿಯ ಮಾತು. ಬಿಸಿಲಿರಲಿ ಮಳೆ ಇರಲಿ ಅಲ್ಲಿ ಮಗ್ಗ ನಿಲ್ಲುವುದಿಲ್ಲವಂತೆ, ಪಗಾರ ತಪ್ಪುವುದಿಲ್ಲವಂತೆ. ಜಹಾಂಗೀರ ಎರಡು ದಿನ ಕೇಳಿದ. ಮೂರನೆಯ ದಿನ ಮನೆಯಲ್ಲಿ ಹೇಳಿಯೇಬಿಟ್ಟ.

"ಇನ್ನ ಇಪ್ಪತ್ತ ದಿನಕ್ಕ ನಬಿ ಹೊಳ್ಳಿ ಹೊಂಟಾನ. ನಾನೂ ಅವನ ಜೋಡಿ ಬಾಗಲಕೋಟಿಗೆ ಹೋಗಿ ರೈಲು ಹತ್ತಾಂವ."

"ಮಕ್ಕಳು?" ಎಂದಳು ಕಾಸಿಂಬಿ.

"ನೀವೆಲ್ಲಾ ಇಲ್ಲೇ ಇರ್ರಿ. ವರ್ಷಕ್ಕೊಮ್ಮಿ ಬರ್ತೇನಿ."

ಆ ವರ್ಷಕ್ಕೊಮ್ಮೆ ಎಂಬ ಮಾತು ಹಜರತಬಿಗೆ ಎದೆಗೆ ನಾಟಿತು. ಅವಳಿಗೆ ಇದ್ದವನು ಒಬ್ಬನೇ ಮಗ. ಕಾಸಿಂಬಿ ಮಾತ್ರ ಅಳುತ್ತ ಕೂರಲಿಲ್ಲ.

"ಮನೀ ಖರ್ಚು ಅರ್ಧಾ ಮಾಡಿ ತೋರಸ್ತೇನಿ. ಆವಾಗರೆ ಇರ್ತೀರಿಲ್ರಿ?"

"ಖರ್ಚು ಅರ್ಧಾ ಆದ್ರ ಏನ ಬಂತು, ಗಳಿಕಿನೂ ಅರ್ಧಾನ ಅದ. ಇದೊಂದು ಹಾಸು ನೇದು ನೋಡ್ತೇನಿ. ಈ ಬಿಸಲಾಗ ಕೈ ಹತ್ತಿತು ಅಂದ್ರ ಇರ್ತೇನಿ. ಇಲ್ಲಂದ್ರ ನಾ ಹೊಂಟಾಂವನ."

ಇಷ್ಟು ಮಾತು ನಮ್ಮ ಕಟ್ಟೆಯ ತನಕ ಕೇಳಿಸಿತು. ಎದುರು ಮನೆ ಎಂದರೆ ಹಾಗೇ; ಕಿವಿ ಮುಚ್ಚಿಕೊಳ್ಳುವಷ್ಟು ದೊಡ್ಡವನು ನಾನಲ್ಲ.

ಆ ಮನೆಗೆ ಇನ್ನೂ ಅಂಗಡಿಯಿಂದ ಬರುತ್ತಿದ್ದ ಒಂದೇ ದೊಡ್ಡ ಖರ್ಚು ಗಂಜಿ. ಹಾಸಿನ ನೂಲಿಗೆ ಗಂಜಿ ಕುಡಿಸದೆ ಮಗ್ಗಕ್ಕೆ ಏರಿಸುವಂತಿಲ್ಲ. ನಮ್ಮ ಓಣಿಯವರೆಲ್ಲ ಪೇಟೆಯ ಅಂಗಡಿಯಿಂದ ಕಾಸಿದ ಗೋಧಿ ಗಂಜಿಯನ್ನೇ ಕೊಡದಲ್ಲಿ ತರುತ್ತಿದ್ದೆವು. ಕಾಸಿಂಬಿ ಅದಕ್ಕೂ ಕೈಹಾಕಿದಳು. "ತವರಿಂದ ಬಂದ ಜ್ವಾಳ ಅದಾವ. ಗಂಜಿ ನಾನ ಕಾಸ್ತೇನಿ" ಎಂದಳು. ನಾಲ್ಕು ಮಂದಿ ಹಿರಿಯರನ್ನು ಕೇಳಿ ಹದ ತಿಳಿದುಕೊಂಡಳು. ಆ ಹಿರಿಯರಲ್ಲಿ ನಾನೂ ಒಬ್ಬ. ಹಿಟ್ಟು ನೆನೆಸಿಡು, ತೆಳ್ಳಗೆ ಸೋಸು, ಗಂಟಾಗದಂತೆ ತಿರುವು ಎಂದೆಲ್ಲ ದೊಡ್ಡ ಮನುಷ್ಯನ ಹಾಗೆ ಹೇಳಿಕೊಟ್ಟೆ.

ಗಂಜಿ ಕುಡಿಸುವ ದಿನ ನಸುಕಿನಲ್ಲೇ ಜಹಾಂಗೀರನೂ ನಾನೂ ಓಣಿಯ ಉದ್ದಕ್ಕೆ ಹಾಸನ್ನು ಚಾಚಿ ಕಟ್ಟುತ್ತಿದ್ದೆವು. ಎಳೆ ಬಿಡಿಸಿಕೊಡಲು ಕಾಸಿಂಬಿಯೂ ಹೊರಗೆ ಬಂದಿದ್ದಳು. ಒಳಗೆ ಒಲೆಯ ಮೇಲೆ ಜೋಳದ ಗಂಜಿ ಕೊತಕೊತ ಕುದಿಯುತ್ತಿತ್ತು. ಆಗ ಏನಾಯಿತೆಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು, ಆದರೆ ಇಲ್ಲೇ ಹೇಳುವುದು ಸರಿ. ಹಜರತಬಿ ಬೆಳಗಿನ ನಮಾಜು ಮುಗಿಸಿ ಅಡುಗೆಮನೆಗೆ ಬಂದಳು. ನಲವತ್ತು ವರ್ಷ ಆ ಒಲೆಯ ಮೇಲೆ ಜೋಳದ ಹಿಟ್ಟು ಕುದಿದದ್ದೆಂದರೆ ಅದು ಅಂಬಲಿಯೇ. ಹಾಸಿನ ಗಂಜಿ ಆ ಮನೆಯಲ್ಲಿ ಎಂದೂ ಕುದಿದದ್ದಿಲ್ಲ, ಅದು ಅಂಗಡಿಯಿಂದ ಬರುವಂಥದ್ದು. ಮುದುಕಿಯ ತಲೆ ಮಗನ ಸೊಲ್ಲಾಪುರದಲ್ಲಿತ್ತು, ಕೈ ತನ್ನ ಪಾಡಿಗೆ ಉಪ್ಪಿನ ಗಡಿಗೆಗೆ ಹೋಯಿತು. ಒಂದು ಹಿಡಿ ತುಂಬ ಉಪ್ಪು ಹಾಕಿ, ಎರಡು ಸುತ್ತು ತಿರುವಿ, ಮಕ್ಕಳನ್ನು ಎಬ್ಬಿಸಲು ಹೋದಳು.

ನಾವು ಆ ಗಂಜಿಯನ್ನು ತಂದು ಕುಂಚದಿಂದ ಹಾಸಿನ ತುಂಬ ಬಳಿದೆವು. ಕೆಲಸ ಚೆನ್ನಾಗಿಯೇ ಆಯಿತು. ನೂಲು ಆರಲೆಂದು ಬಿಟ್ಟು ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದೆವು. ಅದೇ ಹೊತ್ತಿಗೆ ಬೋರವ್ವ ನಮ್ಮ ಮೂರು ಆಡುಗಳನ್ನು ಮೇಯಲು ಬಿಟ್ಟಳು. ಅವು ಆ ಓಣಿಯಲ್ಲೇ ಹುಟ್ಟಿ ಬೆಳೆದ ಆಡುಗಳು, ಸಾವಿರ ಹಾಸು ನೋಡಿದಂಥವು. ಯಾವತ್ತೂ ನೂಲಿಗೆ ಮೂಗು ತಾಗಿಸಿದವಲ್ಲ. ಅಂದು ಮಾತ್ರ ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಸಾಲಾಗಿ ನಿಂತು ನೆಕ್ಕತೊಡಗಿದವು. ದೊಡ್ಡದು ನೆಕ್ಕಿ ಸಾಲದೆ ಅಗಿಯುತ್ತಿತ್ತು. ನಾನು ರೊಟ್ಟಿ ಎಸೆದು ಓಡುವಷ್ಟರಲ್ಲಿ ಒಂದು ಮೊಳದಗಲ ಎಳೆಗಳು ಹರಿದಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಯಾಕೆ ಹೀಗಾಯಿತೆಂದು ತಿಳಿಯದೆ ನೂಲು ಮುಟ್ಟಿದ ಬೆರಳನ್ನು ಬಾಯಿಗಿಟ್ಟೆ.

"ಇದರಾಗ ಉಪ್ಪ ಅದಲೋ ಜಹಾಂಗೀರ!"

ಸುಮ್ಮನೆ ಇರಬಾರದಿತ್ತೇ ನನ್ನ ನಾಲಿಗೆ! ಜಹಾಂಗೀರನೂ ನೆಕ್ಕಿ ನೋಡಿದ. ಅವನ ಮುಖ ಕೆಂಪಾಯಿತು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು.

"ಗಂಜಿಗೂ ಅಂಬಲಿಗೂ ಫರಕ ಗೊತ್ತಿಲ್ಲೇನ ನಿನಗ?" ಎಂದು ಅವನು ಹೆಂಡತಿಯ ಮೇಲೆ ಕೂಗಿದ. "ಉಳಿಸಿದಿ ನೋಡು, ಭಾಳ ಛಲೋ ಉಳಿಸಿದಿ! ನನ್ನ ಗಂಟು ಕಟ್ಟಿಡು, ಸೊಲ್ಲಾಪುರಕ್ಕ ಹೋಗಾಂವ ನಾ."

ಕಾಸಿಂಬಿ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಹಜರತಬಿ ತನ್ನ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಸೊಸೆ ತಲೆ ತಗ್ಗಿಸಿದಳು.

"ತಪ್ಪಾತ್ರಿ" ಎಂದಳು, ಅಷ್ಟೇ.

ಓಣಿ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಎಲ್ಲ ಮಾಡುವವಳಿಗೆ ಇದೂ ಬೇಕಿತ್ತು ಎಂದು ಯಾರೋ ಅಂದರು, ನಾನು ತಲೆದೂಗಿದೆ. ಆ ತಲೆದೂಗಿದ್ದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬಳಿದ ಗಂಜಿಯನ್ನು ತೊಳೆಯಹೋದರೆ ನೂಲು ಜಡೆಗಟ್ಟುತ್ತದೆ. ಬೇರೆ ದಾರಿ ಇಲ್ಲದೆ ಜಹಾಂಗೀರ ಹರಿದ ಎಳೆಗಳಿಗೆ ಗಂಟು ಹಾಕಿ ಅದೇ ಹಾಸನ್ನು ಮಗ್ಗಕ್ಕೆ ಏರಿಸಿದ. ಹೆಂಡತಿಯ ಜೊತೆ ಮಾತು ಬಿಟ್ಟ. ಹಜರತಬಿ ಊಟ ಬಿಟ್ಟಳು. ಕೇಳಿದರೆ ಹಸಿವಿಲ್ಲ ಎನ್ನುವಳು. ಕಾಸಿಂಬಿ ಮಾತ್ರ ಅತ್ತೆಯ ಮುಂದೆ ತಟ್ಟೆ ಇಟ್ಟು, ಉಣ್ಣುವ ತನಕ ಎದ್ದು ಹೋಗುತ್ತಿರಲಿಲ್ಲವೆಂದು ಬೋರವ್ವ ನೋಡಿ ಬಂದು ಹೇಳಿದಳು.

ಮೂರನೆಯ ದಿನ ನಡುಮಧ್ಯಾಹ್ನ. ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ನಾನು ಬಾಗಿಲಲ್ಲಿ ಕಂಬಳಿ ಹಾಸಿ ಉರುಳಿದ್ದೆ. ಎದುರು ಮನೆಯಿಂದ ಮಗ್ಗದ ಬಡಿತ ಕೇಳುತ್ತಲೇ ಇತ್ತು. ಸಿಟ್ಟಿನಲ್ಲಿ ಇವನು ಹಾಸನ್ನೆಲ್ಲ ಹರಿದು ಹಾಕುತ್ತಾನೆಂದು ಬಿಡಿಸಲು ಎದ್ದು ಹೋದೆ.

ಜಹಾಂಗೀರನ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಅದನ್ನು ಒರೆಸಿಕೊಳ್ಳಲೂ ಅವನು ನಿಲ್ಲಲಿಲ್ಲ.

"ಕಾಕಾ, ಮುಂಜಾನಿಂದ ಎರಡ ಎಳಿ ಹರದಾವ" ಎಂದ. "ಎರಡಽ ಎರಡು!"

ನಾನು ಬಗ್ಗಿ ಹಾಸು ಮುಟ್ಟಿ ನೋಡಿದೆ. ಹೊರಗೆ ನೆಲ ಕಾದ ಹೆಂಚಾಗಿತ್ತು, ಇಲ್ಲಿ ಎಳೆ ಮೆತ್ತಗೆ, ತಣ್ಣಗೆ ಇತ್ತು. ಬೆಳಿಗ್ಗೆ ಕುಣಿಯಲ್ಲಿ ಚಿಮುಕಿಸಿದ ನೀರಿನ ತೇವವನ್ನು ನೂಲು ಹಿಡಿದು ಇಟ್ಟುಕೊಂಡಿತ್ತು. ಉಪ್ಪಿನ ಗಡಿಗೆ ತಾನಾಗಿಯೇ ಬೆವರುವುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ಆ ಬೆವರು ನೂಲಿಗೂ ಬಂದೀತೆಂದು ನಮ್ಮ ನಾಲ್ಕು ಮಂದಿ ಹಿರಿಯರಲ್ಲಿ ಒಬ್ಬನಿಗಾದರೂ ಹೊಳೆದಿತ್ತೇ!

ಆ ಹಾಸು ಹದಿಮೂರು ದಿನಕ್ಕೆ ನೇಯ್ದು ಮುಗಿದು ಮಗ್ಗದಿಂದ ಇಳಿಯಿತು. ಹಿಂದಿನ ಬೇಸಿಗೆಗಳಲ್ಲಿ ತಿಂಗಳು ಹಿಡಿಯುತ್ತಿತ್ತು. ಸೀರೆಯನ್ನು ಒಮ್ಮೆ ನೀರಿಗೆ ಹಾಕಿ ತೆಗೆದರೆ ಉಪ್ಪಿನ ಸುಳಿವೂ ಉಳಿಯಲಿಲ್ಲ.

ನಬಿಸಾಬ ಹೊರಡುವ ದಿನ ಬೂಟು ಹಾಕಿಕೊಂಡು ಬಾಗಿಲಿಗೆ ಬಂದ. ಅವನನ್ನು ಕಳಿಸಲು ನಾನೂ ಹೋಗಿದ್ದೆ.

"ಏನೋ, ಗಂಟು ಕಟ್ಟಿದಿಲ್ಲೋ?" ಎಂದ ನಬಿಸಾಬ.

ಜಹಾಂಗೀರ ಮಗ್ಗದ ಕುಣಿಯಿಂದ ಮೇಲೆ ಬರದೆಯೇ ಹೇಳಿದ. "ನೀ ಹೋಗಿ ಬಾರಪಾ. ನಾ ಬರೂದಿಲ್ಲ. ನಾಳೆ ಹೊಸಾ ಹಾಸು ಹಚ್ಚಾಂವ."

ಅಡುಗೆಮನೆಯ ಬಾಗಿಲಲ್ಲಿ ಹಜರತಬಿ ಗೋಡೆ ಹಿಡಿದು ಕೆಳಗೆ ಕೂತಳು. ಜಹಾಂಗೀರ ಮಾತು ಬಿಟ್ಟ ದಿನದಿಂದ ಮೊದಲ ಬಾರಿ ಹೆಂಡತಿಯತ್ತ ತಿರುಗಿ ನಕ್ಕ.

"ಮೊನ್ನಿನಂಗ ಉಪ್ಪ ಹಾಕಿ ಗಂಜಿ ಕಾಸು. ಎಷ್ಟ ಹಾಕಿದ್ದಿ ಅವತ್ತ?"

ಓಣಿಯೆಲ್ಲ ತನ್ನನ್ನು ಹಾಡಿ ಹೊಗಳುವ ಹೊತ್ತು ಅದು. ಒಂದು ಹಿಡಿ ಎಂದಿದ್ದರೆ ಮುಗಿಯುತ್ತಿತ್ತು.

"ನನಗ ಗೊತ್ತಿಲ್ರಿ" ಎಂದಳು ಕಾಸಿಂಬಿ. "ಅದರ ಅಳತಿ ಅತ್ತಿ ಕೈಯಾಗ ಅದ."

ಜಹಾಂಗೀರ ತಾಯಿಯ ಕಡೆ ತಿರುಗಿದ. ಹಜರತಬಿ ಅಳತೊಡಗಿದಳು. "ಅಂಬಲಿ ಅಂತ ತಿಳದಿದ್ನೋ ಮಗನ. ನನ್ನ ಕೈಲೆ ನಿನ್ನ ದೂರ ಕಳಸ್ತೇನಿ ಅಂತ ಇಷ್ಟ ದಿನಾ ಜೀವ ಕೈಯಾಗ ಹಿಡಕೊಂಡ ಕುಂತಿದ್ದೆ. ಹೇಳಾಕ ಧೈರ್ಯ ಆಗಲಿಲ್ಲ."

"ನೀ ಯಾಕ ಹೇಳಲಿಲ್ಲ?" ಜಹಾಂಗೀರ ಹೆಂಡತಿಯನ್ನು ಕೇಳಿದ. ದನಿ ಇಳಿದುಹೋಗಿತ್ತು.

"ನನ್ನ ಮ್ಯಾಲೆ ಸಿಟ್ಟಾಗಿ ಹೋಗಿದ್ರ ನಾ ಹೆಂಗರೆ ತಡಕೊಂತಿದ್ದೆ. ತನ್ನಿಂದ ಮಗಾ ಹೋದ ಅಂತ ಅಂದ್ಕೊಂಡು ಅತ್ತಿ ಹೆಂಗ ಇರ್ತಿದ್ರು?"

ಜಹಾಂಗೀರ ಕುಣಿಯಿಂದ ಎದ್ದು ಬಂದು ತಾಯಿಯ ಪಕ್ಕದಲ್ಲಿ ಕೂತ. ನಬಿಸಾಬ ಬೂಟು ನೋಡಿಕೊಳ್ಳುತ್ತ ನಿಂತಿದ್ದ. ನಾನು ಕಣ್ಣು ಒರೆಸಿಕೊಂಡೆ, ಅದಕ್ಕೆ ನಾಚಿಕೆಯೇನಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹಜರತಬಿ ಎದ್ದು ಒಳಗೆ ಹೋಗಿ ಹಿಡಿ ತುಂಬ ಉಪ್ಪು ತಂದಳು. "ಇಷ್ಟ ನೋಡವಾ, ತಿಳಕೋ" ಎಂದು ಸೊಸೆಯ ಅಂಗೈಗೆ ಸುರುವಿದಳು. ಕಾಸಿಂಬಿ ಬೆರಳು ಮಡಚಿ ನೋಡಿದಳು. ಅವಳ ಹಿಡಿ ಸಣ್ಣದು, ಉಪ್ಪು ಸಂದಿಯಿಂದ ಉದುರಿತು. ಉಳಿದದ್ದನ್ನು ಅವಳು ಅತ್ತೆಯ ಕೈಗೇ ತಿರುಗಿ ಹಾಕಿದಳು.

"ನೀವ ಹಾಕ್ರಿ ಅತ್ತಿ" ಎಂದಳು. "ನಾ ತಿರುವಾಕ ನಿಲ್ತೇನಿ."