ತೆಂಕುಮನೆಯನ್ನು ಕರೆದಾಗ

ಭಾವನಾ ಎಂಬ ವಿದ್ಯಾರ್ಥಿನಿ ಆ ಪ್ರಶ್ನೆಯನ್ನು ಅವತ್ತೇ ಕೇಳಬೇಕಾಗಿರಲಿಲ್ಲ. ಮಣಿಪಾಲದ ಕಾಲೇಜಿನಲ್ಲಿ ಜೆಫ್ರಿ ಹಳೆಯ ಇಂಗ್ಲಿಷ್ ವೀರಕಾವ್ಯದ ಪಾಠ ಮಾಡುತ್ತಿದ್ದ. ಸತ್ತ ವೀರನನ್ನು ಕಡಲ ದಂಡೆಯಲ್ಲಿ ಸುಟ್ಟು, ಹಡಗಿನವರಿಗೆ ಕಾಣುವಂತೆ ದಿಬ್ಬ ಕಟ್ಟಿದ್ದನ್ನು ಕೈಬೀಸಿ ವರ್ಣಿಸಿ ಮುಗಿಸಿದ್ದನಷ್ಟೆ.

"ಸರ್, ಬರೆದವ ಕ್ರೈಸ್ತ. ವೀರ ಬೇರೆ ದೇವರುಗಳ ಕಾಲದವ. ಹಾಗಾದರೆ ಕವಿಯ ಪ್ರಕಾರ ಅವ ಎಲ್ಲಿಗೆ ಹೋದ? ನರಕಕ್ಕಾ?"

"ಕವಿ ಅದನ್ನು ಹೇಳದೆ ಬಿಡುತ್ತಾನೆ."

"ಯಾಕೆ ಸರ್? ಹೆದರಿಕೆಯಾ?"

ಅಷ್ಟರಲ್ಲಿ ಬೆಲ್ ಹೊಡೆದು ಜೆಫ್ರಿ ಬಚಾವಾದ. ಪ್ರಶ್ನೆ ಮಾತ್ರ ಅವನ ಜೊತೆಗೇ ಬಸ್ಸು ಹತ್ತಿ ಕಾಪುವಿನ ಮನೆಯವರೆಗೆ ಬಂತು.

ಕಾರಣವಿತ್ತು. ಜೆಫ್ರಿಯ ಮನೆತನ ಮುತ್ತಜ್ಜನ ಕಾಲದಲ್ಲಿ ಪ್ರೊಟೆಸ್ಟೆಂಟ್ ಆದದ್ದು. ಅದಕ್ಕೂ ಬಹಳ ಹಿಂದೆ, ಉಳಿದವರೆಲ್ಲ ಬೀಡಿನ ಅರಸನನ್ನು ಬಿಟ್ಟು ಓಡಿದಾಗ, ಒಬ್ಬನೇ ನಿಂತು ಕಾದಾಡಿ ಸತ್ತ ಹಿರಿಯನೊಬ್ಬ ಆ ವಂಶದಲ್ಲಿದ್ದ. ಅವನೀಗ ಎಲ್ಲೂರಿನ ದಾಯಾದಿಗಳ ದೈವ. ವರ್ಷಕ್ಕೊಮ್ಮೆ ನಡೆಯುವ ನೇಮದ ದಿನ, ವೇಷ ಕಟ್ಟಿದವನ ಮೈಮೇಲೆ ಬಂದ ದೈವ ವಂಶದ ಒಂದೊಂದೇ ಕವಲನ್ನು ಹೆಸರು ಹಿಡಿದು ಕರೆಯುತ್ತದೆ. ಆಯಾ ಕವಲಿನವರು "ಇದ್ದೇವೆ" ಎನ್ನಬೇಕು. ಓಗೊಡದ ಮನೆಯ ಹೆಸರನ್ನು ಮತ್ತೆಂದೂ ಕರೆಯುವುದಿಲ್ಲ. ಜೆಫ್ರಿಯವರದು ತೆಂಕುಮನೆ. ಮತ ಬಿಟ್ಟು ಹೋದ ಆ ಮನೆಯ ಪರವಾಗಿ ಇಷ್ಟು ವರ್ಷ ಓಗೊಟ್ಟವರು ದಾಯಾದಿ ಕೂಸಪ್ಪ.

ಮೊನ್ನೆ ಆ ಮುದುಕ ಮನೆಗೇ ಬಂದಿದ್ದರು. "ಬಿಟ್ಟು ಹೋದವರಿಗಾಗಿ ನಾವ್ಯಾಕೆ ಅಂತ ಮಕ್ಕಳು ಜಗಳ ಮಾಡ್ತಾರೆ ಮಾರಾಯ. ಈ ಸಲ ನೀನೇ ಬಂದು ಒಂದು ಮಾತು ಹೇಳು. ಕೈ ಮುಗಿಯುವುದು ಬೇಡ, ಪ್ರಸಾದವೂ ಬೇಡ."

ಜೆಫ್ರಿಯ ಅಪ್ಪ ಸರ್ವೋತ್ತಮರು ಚರ್ಚಿನ ಸಭಾಹಿರಿಯರು. ದೈವ ಎಂದರೆ ಕಿಡಿಕಿಡಿಯಾಗುವವರು. "ಒಬ್ಬನನ್ನೇ ಬಿಟ್ಟರೆ ನೀನು ಅಡ್ಡಬೀಳುವವನೇ. ನಾನೂ ಬರ್ತೇನೆ, ಕಾವಲಿಗೆ," ಎಂದರು. ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಹೊರಟೂಬಿಟ್ಟರು.

ಹಗಲಿನ ನೇಮ. ಬಿಸಿಲಿಗೆ ಅಂಗಳ ಕಾಯುತ್ತಿತ್ತು. ಜೆಫ್ರಿ ನಿಂತಲ್ಲಿ ನಿಲ್ಲಲಾರದೆ ಕಾಲು ಬದಲಿಸುತ್ತಿದ್ದ. ಬಡಗುಮನೆಯವರು ಓಗೊಟ್ಟರು, ನಡುಮನೆಯವರೂ ಓಗೊಟ್ಟರು.

"ತೆಂಕುಮನೆ?"

ಕೂಸಪ್ಪ ತಲೆ ತಗ್ಗಿಸಿದರು. ಅವರ ಮಕ್ಕಳು ಜೆಫ್ರಿಯನ್ನೇ ನೋಡಿದರು. ಒಂದು ಶಬ್ದ, ಅಷ್ಟೇ. ಆದರೆ ಪಕ್ಕದಲ್ಲಿ ಅಪ್ಪನ ಉಸಿರು ಕೇಳಿಸುತ್ತಿತ್ತು, ಜೆಫ್ರಿಯ ನಾಲಗೆ ಏಳಲಿಲ್ಲ.

"ತೆಂಕುಮನೆ ಇದ್ದೀರಾ?" ದೈವ ಇನ್ನೊಮ್ಮೆ ಕರೆಯಿತು. ಇನ್ನೇನು ಬೆನ್ನು ತಿರುಗಿಸಬೇಕು.

"ಇದ್ದೇವೆ!"

ಚರ್ಚಿನಲ್ಲಿ ಹಿಂದಿನ ಬೆಂಚಿನವರೆಗೂ ಮುಟ್ಟುವ ಗಂಟಲು ಅದು. ಸರ್ವೋತ್ತಮರು ಕೈ ಮುಗಿದಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ದೈವ ತಲೆದೂಗಿ ಮುಂದಕ್ಕೆ ಹೋಯಿತು. ಕೂಸಪ್ಪ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು.

ಹಿಂದಿರುಗುವಾಗ ರಿಕ್ಷಾದಲ್ಲಿ ಅಪ್ಪ ತಾವಾಗಿಯೇ ಸಿಡುಕಿದರು.

"ಎಂತ ನೋಡ್ತೀ? ಇದ್ದೀರಾ ಅಂತ ಕೇಳಿದ್ದು. ಇದ್ದೇವಲ್ಲ? ಸುಳ್ಳು ಸಾಕ್ಷಿ ಹೇಳಬಾರದು ಅಂತ ಬೈಬಲಿನಲ್ಲೇ ಉಂಟು. ನೀನು ಯಾಕೆ ಬಾಯಿ ಮುಚ್ಚಿ ನಿಂತದ್ದು?"

ಜೆಫ್ರಿಗೆ ನಾಚಿಕೆಯಾಯಿತು. "ನಿಮಗೆ ಹೆದರಿ."

ಸರ್ವೋತ್ತಮರು ಹೊರಗೆ ನೋಡುತ್ತಾ ಹೇಳಿದರು: "ಇಷ್ಟು ವರ್ಷ ನಾನು ಬಾರದ್ದೂ ನನ್ನ ಅಪ್ಪನಿಗೆ ಹೆದರಿಯೇ."